ಮೊಣಕಾಲೂರಿ ಮೂಸುವ ಮರಿಯಕ್ಕ

ಬೆಳಗಿನ ಐದೂವರೆ. ಕೋಳಿ ಫಾರಂನ ಮರಿಕೋಣೆಯಲ್ಲಿ ಹೆಂಗಸೊಬ್ಬರು ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಹಾಸಿದ ಮರದ ಹೊಟ್ಟನ್ನು ಮೂಸುತ್ತಿದ್ದಾರೆ. ಆಗಷ್ಟೇ ರೆಕ್ಕೆ ಮೂಡುತ್ತಿರುವ ಮರಿಯೊಂದು ಅವರ ಬೆನ್ನೇರಿ ಯಜಮಾನನ ಠೀವಿಯಲ್ಲಿ ನಡೆಯುತ್ತಿದೆ. ಕೋಳಿ ಫಾರಂ ಎಂದರೆ ಗಬ್ಬುನಾತ ಎಂದುಕೊಂಡೇ ಬಂದ ನಾನು ಬಾಗಿಲಲ್ಲಿ ಕರ್ಚೀಫು ಹಿಡಿದು ನಿಂತಿದ್ದೇನೆ.

"ಅದನ್ನ ಜೇಬಿಗೆ ಹಾಕಿ ಸಾರ್, ನನ್ನ ಕೋಣೆಗೆ ಅವಮಾನ," ಎನ್ನುತ್ತಾರೆ, ತಲೆ ಎತ್ತದೆ.

ಇವರನ್ನು ಇಲ್ಲಿ ಎಲ್ಲರೂ ಮರಿಯಕ್ಕ ಎನ್ನುತ್ತಾರೆ. ಮೊಟ್ಟೆಯೊಡೆದು ಒಂದೇ ದಿನವಾದ ಮರಿಗಳು ಈ ಕೋಣೆಗೆ ಬರುತ್ತವೆ, ತಾಯಿಯ ಬದಲು ಬಲ್ಬಿನ ಕಾವಿನಲ್ಲಿ ಹದಿನೈದು ದಿನ ಬೆಳೆಯುತ್ತವೆ. ಅಷ್ಟೂ ದಿನ ನೆಲ ಒಣಗಿರುವಂತೆ ನೋಡಿಕೊಳ್ಳುವುದು ಹನ್ನೊಂದು ವರ್ಷಗಳಿಂದ ಇವರ ಕೆಲಸ. ಹೇಳಲು ಸುಲಭ. ಆರುನೂರು ಮರಿಗಳು ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು!

"ನಿಂತು ಮೂಸಿದ್ರೆ ಏನೂ ಗೊತ್ತಾಗಲ್ಲ. ನಾತ ಹುಟ್ಟೋದೇ ನೆಲದಲ್ಲಿ. ಅದು ನಮ್ಮ ಮೂಗಿಗೆ ಬರೋ ಹೊತ್ತಿಗೆ ಮರಿಗಳು ಒಂದಿನವೆಲ್ಲ ಅದನ್ನೇ ಉಸಿರಾಡಿರ್ತವೆ. ಅವುಗಳ ಎತ್ತರಕ್ಕೆ ನಾವು ಇಳೀಬೇಕು."

ಮೂಸಿದ ಮೇಲೆ ಹಿಡಿ ಹೊಟ್ಟು ಎತ್ತಿ ಹಿಸುಕುತ್ತಾರೆ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಆ ಜಾಗದ ಹೊಟ್ಟು ಬುಟ್ಟಿಗೆ. ಹನ್ನೆರಡು ನೀರಿನ ಡಬ್ಬಿಗಳನ್ನು ದಿನಕ್ಕೆರಡು ಸಲ ತೊಳೆದು, ಮರಿಗಳ ಬೆನ್ನಿನ ಮಟ್ಟಕ್ಕೆ ಇಟ್ಟಿಗೆಯ ಮೇಲಿಡುತ್ತಾರೆ. "ತಗ್ಗಲ್ಲಿಟ್ರೆ ಸ್ನಾನಾನೂ ಅದರಲ್ಲೇ," ಎಂದು ನಗುತ್ತಾರೆ.

ಇಷ್ಟು ಹುಷಾರಿನವರೂ ಹೋದ ಸಲ ಎಡವಿದರು. ನೆಗಡಿಯಾಗಿ ಒಂದು ವಾರ ಮೂಗು ಕಟ್ಟಿತ್ತು. ವಾಸನೆ ಬರಲಿಲ್ಲ, ಎಲ್ಲ ಚೆನ್ನಾಗಿದೆ ಎಂದುಕೊಂಡರು. ಹಿಸುಕಿ ನೋಡುವ ಗೋಜಿಗೂ ಹೋಗಲಿಲ್ಲ. ಒದ್ದೆ ಹೊಟ್ಟಿನಿಂದ ರಕ್ತಭೇದಿ ಹಬ್ಬಿ ಎಪ್ಪತ್ತನಾಲ್ಕು ಮರಿಗಳು ಸತ್ತವು.

"ಎರಡು ದಿನ ಅನ್ನ ಸೇರಲಿಲ್ಲ. ತಪ್ಪು ನೆಗಡೀದಲ್ಲ, ನಂದು."

ಫಾರಂ ಮಾಲೀಕರು ಕೋಣೆಯ ಕೀಲಿ ವಾಪಸ್ ಕೇಳಿದರು. ಮಾಲೀಕರ ತಾಯಿಯೇ ಅಡ್ಡ ಬಂದರಂತೆ: "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನೋ?" ಮಗ ತಣ್ಣಗಾದರು, ಆದರೆ ಷರತ್ತು ಹಾಕಿದರು. ಈ ಸಲವೂ ರೋಗ ಬಂದರೆ ಕೀಲಿ ಬೇರೆಯವರ ಕೈಗೆ.

ಹಾಗಾಗಿ ಈ ಹದಿನೈದು ದಿನ ಮರಿಯಕ್ಕನ ಜೊತೆ ಇನ್ನೊಂದು ಮೂಗೂ ದುಡಿದಿದೆ. ಟೈಲರ್ ಆಗಿರುವ ಗಂಡ ಅಂಗಡಿ ತೆರೆಯುವ ಮುಂಚೆ ಬಂದು, ಹೆಂಡತಿಯ ಪಕ್ಕದಲ್ಲೇ ಮೊಣಕಾಲೂರಿ ಮೂಸಿ ಹೋಗುತ್ತಾರೆ. "ಮದುವೆಯಾದಾಗ ಈ ಕೆಲಸ ಇದೆ ಅಂತ ಯಾರೂ ಹೇಳಿರಲಿಲ್ಲ," ಎಂಬುದು ಅವರ ದೂರು. ಆದರೆ ಒಂದು ದಿನವೂ ತಪ್ಪಿಸಿಲ್ಲ.

ಇವತ್ತು ಹದಿನೈದನೆಯ ದಿನ. ಏಳು ಗಂಟೆಗೆ ಮಾಲೀಕರು ಬುಟ್ಟಿಗಳೊಂದಿಗೆ ಬರುತ್ತಾರೆ. ಮರಿಗಳನ್ನು ದೊಡ್ಡ ಶೆಡ್ಡಿಗೆ ಎಣಿಸಿ ಎಣಿಸಿ ಸಾಗಿಸುವಾಗ ಮರಿಯಕ್ಕನ ಬಾಯಿಂದ ಒಂದು ಜೋಕೂ ಹೊರಡುವುದಿಲ್ಲ. ಕೊನೆಗೆ ಲೆಕ್ಕ ಐನೂರ ತೊಂಬತ್ತೆರಡಕ್ಕೆ ನಿಲ್ಲುತ್ತದೆ. ಕಡಿಮೆಯಾದ ಎಂಟೂ ಮೊದಲ ಎರಡು ದಿನಗಳಲ್ಲಿ ಹೋದ ಬಡಕಲು ಮರಿಗಳು. ರೋಗದ ಸುಳಿವಿಲ್ಲ.

ಮಾಲೀಕರು ಖಾಲಿ ಕೋಣೆಯನ್ನು ದಿಟ್ಟಿಸುತ್ತಾರೆ. ಆಮೇಲೆ ಪ್ಯಾಂಟು ಮಡಚಿ, ಮೊಣಕಾಲೂರಿ, ತಾವೇ ಬಗ್ಗಿ ಮೂಸುತ್ತಾರೆ! ಎದ್ದಾಗ ಮೂಗಿನ ತುದಿಯಲ್ಲಿ ಹೊಟ್ಟಿನ ಚೂರು.

"ಕೀಲಿ ನಿಮ್ಮ ಹತ್ರಾನೇ ಇರ್ಲಿ ಅಕ್ಕ," ಎಂದಷ್ಟೇ ಹೇಳಿ ಹೊರಡುತ್ತಾರೆ.

ಮರಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಆಗಲೇ ಪೊರಕೆ ಹಿಡಿದಿದ್ದಾರೆ. ಮುಂದಿನ ಮರಿಗಳಿಗೆ ನೆಲ ತೊಳೆದು ಒಣಗಿಸಬೇಕು. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಇದೆ ಸಾರ್. ಮುಂದಿನ ಮರಿಗಳು ಬಂದ ಹದಿನಾಲ್ಕನೇ ದಿನ ಊಟದ ಡಬ್ಬಿ ಹಿಡ್ಕೊಂಡು ಬನ್ನಿ. ಈ ಬಾಗಿಲಲ್ಲೇ ಕೂತು ಊಟ ಮಾಡಿ. ಎರಡನೇ ಸಲ ಬಡಿಸ್ಕೊಂಡ್ರೆ, ನನ್ನ ಕೆಲಸ ಸರಿಯಾಗಿದೆ ಅಂತ."