ಮರಳಿನ ಹುಳದ ಆಂಟಿ

ಆಂಟಿಯ ಎಡಗಣ್ಣಿಗೆ ರೆಪ್ಪೆಗೂದಲು ಇರಲಿಲ್ಲ ಎಂದೇ ಹೇಳಬೇಕು. ಒಂದೊಂದಾಗಿ ಕಿತ್ತು, ಕಡ್ಡಿಯ ತುದಿಗೆ ಅಂಟಿಸಿ, ಅದರಿಂದ ಸೂಕ್ಷ್ಮದರ್ಶಕದ ಕೆಳಗಿನ ಹುಳುಗಳನ್ನು ಎತ್ತುತ್ತಿದ್ದರು. ಸಮುದ್ರತೀರದ ಮರಳಿನ ಸಂದಿಯಲ್ಲಿ ಬದುಕುವ, ಬರಿಗಣ್ಣಿಗೆ ಕಾಣದ ದುಂಡುಹುಳುಗಳು. “ಬ್ರಷ್ ಆದ್ರೆ ಒರಟು ಕಣೇ, ಪಾಪ, ಹರಿದುಹೋಗ್ತವೆ” ಅನ್ನುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ, ಅಮೆರಿಕದ ಗೇದರ್ಸ್‌ಬರ್ಗ್‌ನಲ್ಲಿ ಅವರದು ನಮ್ಮ ಎದುರುಮನೆ. ಮೈಸೂರಿನವರು, ಒಂಟಿ, ಹುಳುಗಳ ಲ್ಯಾಬೊಂದರಲ್ಲಿ ಕೆಲಸ. ನನ್ನ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಗಂಡ ಆಫೀಸಿಗೆ ಹೊರಟಮೇಲೆ ಗೋಡೆ ನೋಡಿಕೊಂಡು ಅಳುತ್ತಿದ್ದೆ. ಆಂಟಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹಾಗಾಗಿ ನಾನು ಅವರ ಸಾರಥಿಯಾದೆ. ಪ್ರತಿ ಬೇಸಿಗೆ ಪುಳಿಯೋಗರೆ ಕಟ್ಟಿಕೊಂಡು ಸೌತ್ ಕ್ಯಾರೊಲೈನಾದ ಒಂದು ಬೀಚಿಗೆ ಹೋಗುತ್ತಿದ್ದೆವು.

ಅಲ್ಲಿ ಅವರಿಗೆ ಯಾವ ಪುಸ್ತಕದಲ್ಲೂ ಇಲ್ಲದ ಹುಳವೊಂದು ಸಿಕ್ಕಿತ್ತು. ಸಿಕ್ಕಿದ್ದೆಲ್ಲ ಹೆಣ್ಣೇ. ಗಂಡನ್ನು ನೋಡದೆ ಅದು ಹೊಸ ಜಾತಿಯೆಂದು ಖಚಿತವಾಗಿ ಹೇಳಲಾಗದಂತೆ. ಇದ್ದಷ್ಟನ್ನೇ ಬರೆದು ಪ್ರಕಟಿಸಿ ಎಂದು ಲ್ಯಾಬಿನ ಬಾಸ್ ಹೇಳಿದರು. ಆಂಟಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಅರ್ಧಂಬರ್ಧ ನೋಡಿ ಹೆಸರಿಡೋದಾ? ಇನ್ನೊಂದ್ ಸಮ್ಮರ್ ವೇಯ್ಟ್ ಮಾಡ್ತೀನಿ.”

“ನಿಮ್ಮ ಹುಡುಗಿಗೆ ಜಾತಕವೇ ಕೂಡಿಬರ್ತಿಲ್ಲ ಬಿಡಿ ಆಂಟಿ” ಎಂದು ನಾನು ರೇಗಿಸಿದರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಕೊನೆಯ ಸಲ ಹೋದಾಗ ಬೀಚೇ ಬೇರೆಯಾಗಿತ್ತು. ಕೊಚ್ಚಿಹೋಗುತ್ತಿದ್ದ ದಡವನ್ನು ಅಗಲ ಮಾಡಲು ಸಮುದ್ರದ ತಳದಿಂದ ಪೈಪಿನಲ್ಲಿ ಮರಳು ತಂದು ಆಳೆತ್ತರ ಸುರಿದಿದ್ದರು. ಆಂಟಿ ದಿನವಿಡೀ ಅಗೆದರು, ಸೋಸಿದರು, ಮೋಟೆಲ್ ರೂಮಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ಆ ಹುಳ ಒಂದೂ ಇರಲಿಲ್ಲ.

“ಎಲ್ಲಾ ಸಮಾಧಿ ಆಗೋಯ್ತು ಕಣೇ. ನಡಿ, ಹೋಗೋಣ.”

ಆ ವರ್ಷ ಅವರ ಪ್ರಾಜೆಕ್ಟ್ ನಿಂತಿತು. ಆಮೇಲೆ ಕ್ಯಾನ್ಸರ್. ಆಸ್ಪತ್ರೆಯಲ್ಲಿ ನಾನು, “ಮುಂದೆ ಯಾರಾದ್ರೂ ನಿಮ್ಮ ಹುಳಾನ ಹುಡುಕೇ ಹುಡುಕ್ತಾರೆ ಆಂಟಿ” ಎಂದೆ.

“ಸುಮ್ನಿರೇ. ಇತ್ತು ಅಂತ್ಲೇ ಯಾರಿಗೂ ಗೊತ್ತಿಲ್ಲ, ಏನಂತ ಹುಡುಕ್ತಾರೆ?”

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದರು.

ಅವರು ತೀರಿಕೊಂಡ ಮೇಲೆ ಲ್ಯಾಬಿಗೆ ಹೋಗಿ, ಆ ಹುಳಕ್ಕೆ ಆಂಟಿಯ ಹೆಸರಿಡಿ ಎಂದು ಬೇಡಿಕೊಂಡೆ. ಆ ಒಂಟಿ ಮನೆಯಿಂದ ನನ್ನನ್ನು ಹೊರಗೆಳೆದು ಬದುಕಿಸಿದವರಿಗೆ ಇಷ್ಟಾದರೂ ಆಗಲಿ ಎಂಬ ಆಸೆ. ಬಾಸ್, ಆಂಟಿ ಆ ಹುಳುಗಳನ್ನಿಟ್ಟಿದ್ದ ಗಾಜಿನ ಸ್ಲೈಡುಗಳ ಪೆಟ್ಟಿಗೆ ತಂದು ತೆರೆದರು. ಹುಳುಗಳೆಲ್ಲ ಒಣಗಿ ಬರೀ ಗೀರುಗಳಾಗಿದ್ದವು, ನೋಡಿ ಹೆಸರಿಡುವಂಥದ್ದೇನೂ ಉಳಿದಿರಲಿಲ್ಲ. ಒಳಗಿನ ದ್ರವ ಆರದಂತೆ ಸ್ಲೈಡುಗಳ ಅಂಚನ್ನು ಮುಚ್ಚಿಬಿಡಬೇಕಂತೆ; ಗಂಡು ಸಿಕ್ಕ ದಿನ ಈ ಹೆಣ್ಣುಗಳನ್ನು ಹೊರಳಿಸಿ ಹೋಲಿಸಬೇಕೆಂದು, ಆಂಟಿ ಅದನ್ನು ಮುಚ್ಚಿರಲೇ ಇಲ್ಲ.