ಕೇಕಿನ ಮೇಲೆ ಬರೆಯುವ ದೊಡ್ಡಮ್ಮ

“ಈ ಊರಲ್ಲಿ ನಂಗೆ ಗೊತ್ತಿಲ್ದೆ ಯಾರೂ ಹುಟ್ಟೋ ಹಾಗಿಲ್ಲ, ಮದುವೆ ಆಗೋ ಹಾಗೂ ಇಲ್ಲ!” ಎಂದು ಕೇಕ್ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಹೇಳಿದರೆ ಬೇಕರಿಯ ಒಲೆಯೂ ಹೌದೆನ್ನುತ್ತಿತ್ತು. ಮೂವತ್ತೊಂದು ವರ್ಷದಿಂದ ಕೇಕುಗಳ ಮೇಲೆ ಹೆಸರು ಬರೆಯುವುದೇ ಅವಳ ಕಸುಬು. ಕೆನೆ ತುಂಬಿದ ಕಾಗದದ ಕೊಳವೆಯನ್ನು ಹಿಂಡಿ ಹಿಂಡಿ ಅವಳ ಹೆಬ್ಬೆರಳು ಎಷ್ಟು ಗಟ್ಟಿಯಾಗಿತ್ತೆಂದರೆ, ಅಂಗಡಿಯ ಶಟರ್ ಕಚ್ಚಿಕೊಂಡಾಗ ರಿಪೇರಿಯವನನ್ನು ಬಿಟ್ಟು ಅವಳನ್ನೇ ಕರೆಯುತ್ತಿದ್ದರು. ಒಮ್ಮೆ ಸಾಸಿವೆ ಕಾಳಿನ ಮೇಲೆ ‘ನೂರು ವರ್ಷ ಬಾಳು’ ಎಂದು ಬರೆದು, ಉಳಿದ ಜಾಗದಲ್ಲಿ ಹೂವನ್ನೂ ಬಿಡಿಸಿದ್ದಳೆಂದು ಹೇಳುವವರಿದ್ದಾರೆ. ಹೇಳುವವಳು ಅವಳೇ.

ಅವಳಿಗೆ ಮಕ್ಕಳಿಲ್ಲ. ತಂಗಿಗೆ ಒಬ್ಬಳು ಮಗಳು. ತಂಗಿ ಕೆಲಸಕ್ಕೆ ಹೋಗುವಾಗ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಹಿಟ್ಟಿನ ಮೂಟೆಗಳ ನಡುವೆ, ಬಿಸ್ಕತ್ತಿನ ಡಬ್ಬದ ಮೇಲೆ ಕೂತು ಬೆಳೆದ ಹುಡುಗಿ. ಕಡ್ಡಿಯಂಥ ಮೈ, ಮೇಲೊಂದು ದುಂಡನೆಯ ತಲೆ. ಗುಂಡುಸೂಜಿ ಎಂದು ಹೆಸರಿಟ್ಟವಳು ಅಕ್ಕನೇ. “ಮದುವೆ ಗೊತ್ತಾದ್ರೆ ಮೊದಲು ನಂಗೆ ಬಂದು ಹೇಳ್ಬೇಕು ಕಣೇ” ಎಂದು ಮಾತು ತೆಗೆದುಕೊಂಡಿದ್ದಳು. ಆ ಒಂದು ಕರೆಗಾಗಿ ಕಾದೂ ಕಾದೂ, ಗಾಳಿ ಬಾಗಿಲು ಬಡಿದರೂ “ಬಂದೆ ಬಂದೆ” ಎಂದು ಎದ್ದು ಹೋಗುವಷ್ಟಾಗಿದ್ದಳು.

ತಂಗಿಯ ಮನೆ ಮೂರು ಬೀದಿ ಆಚೆ. ಆದರೆ ತಂಗಿ ಈಗ ವಾಸವಾಗಿದ್ದದ್ದು ಫೋನಿನೊಳಗೆ. ಅರವತ್ತು ಸಾವಿರ ಜನ ಅವಳ ವಿಡಿಯೋ ನೋಡುತ್ತಿದ್ದರು. ಕೆಮ್ಮು ಬಂದರೆ ಮೊದಲು ಬೆಳಕು ಸರಿಮಾಡಿಕೊಂಡು ಆಮೇಲೆ ಕೆಮ್ಮುವ ಹೆಂಗಸು. ಅಕ್ಕನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು.

“ಏನೇ ವಿಶೇಷ?” ಎಂದು ಅಕ್ಕ ಕರೆ ಮಾಡಿದರೆ, “ಎಲ್ಲಾ ಸ್ಟೇಟಸ್‌ನಲ್ಲಿ ಹಾಕಿದೀನಲ್ಲಕ್ಕ, ನೋಡ್ಕೋ” ಎನ್ನುತ್ತಿದ್ದಳು.

“ನನ್ ಫೋನಲ್ಲಿ ಅದೆಲ್ಲ ಬರಲ್ಲ. ಬಾಯಲ್ಲೇ ಹೇಳು.”

“ಅರವತ್ತು ಸಾವಿರ ಜನಕ್ಕೆ ಒಂದೇ ಸಲ ಹೇಳಿ ಆಯ್ತು. ನಿನಗೊಬ್ಬಳಿಗೆ ಬೇರೆ ಹೇಳ್ಬೇಕಾ?”

ಒಂದು ಗುರುವಾರ ಬೆಳಿಗ್ಗೆ ಅಂಗಡಿಯ ಫೋನಿಗೆ ಮೂರಂತಸ್ತಿನ ಕೇಕಿನ ಆರ್ಡರ್ ಬಂತು. ಕಳಿಸಿದವನು ಸಮಾರಂಭ ನಡೆಸಿಕೊಡುವವನು; ತನಗೆ ಬಂದ ಮೆಸೇಜುಗಳನ್ನು ಓದುವ ಗೋಜಿಗೆ ಹೋಗದೆ ಹಾಗೆಯೇ ಇತ್ತ ದಾಟಿಸಿದ್ದ. ಕೇಕಿನ ಮೇಲೆ ಬರೆಯಲು ಎರಡು ಸಾಲು. ‘ನಮ್ಮ ಗುಂಡುಸೂಜಿಯ ನಿಶ್ಚಿತಾರ್ಥ.’ ಅದರ ಕೆಳಗೆ, ‘ದೊಡ್ಡಮ್ಮನ್ನ ಕರೀಬೇಡ, ವಿಡಿಯೋದಲ್ಲಿ ಚೆನ್ನಾಗಿ ಕಾಣಲ್ಲ.’ ಎರಡನೆಯದು ತಾಯಿ ಮಗಳಿಗೆಂದು ಬರೆದು, ಕೈತಪ್ಪಿ ಅವನಿಗೆ ಕಳಿಸಿದ ಮಾತು. ಮೊದಲನೆಯದರ ಬಾಲ ಹಿಡಿದು ಬಂದುಬಿಟ್ಟಿತ್ತು.

ಭೂಮಿಯ ಮೇಲೆ ಇನ್ನೊಬ್ಬ ಗುಂಡುಸೂಜಿ ಇರಲಾರಳು. ಊರಿನ ಮದುವೆಗಳೆಲ್ಲ ತನ್ನ ಅಂಗೈಯಲ್ಲಿವೆ ಎನ್ನುತ್ತಿದ್ದವಳಿಗೆ ಮಡಿಲಲ್ಲಿ ಬೆಳೆದ ಹುಡುಗಿಯ ನಿಶ್ಚಿತಾರ್ಥ ಗೊತ್ತಾದದ್ದು ಹೀಗೆ, ಹಿಟ್ಟು ಮೆತ್ತಿದ ಅಂಗಡಿ ಫೋನಿನಿಂದ, ಒಂದೇ ದಿನ ಮುಂಚೆ.

ಹಿಂದೊಮ್ಮೆ ಗಿರಾಕಿಯೊಬ್ಬನ ಒರಟು ಮಾತನ್ನು ಅಕ್ಕ ಕೇಕಿನ ಮೇಲೆ ನಯ ಮಾಡಿ ಬರೆದು ದೊಡ್ಡ ಜಗಳವಾಗಿತ್ತು. ಅಂದಿನಿಂದ ಮಾಲೀಕ ಗೋಡೆಗೆ ಚೀಟಿ ಅಂಟಿಸಿದ್ದ: ಮೆಸೇಜಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆಯತಕ್ಕದ್ದು.

“ಯಜಮಾನ್ರೇ, ಎರಡನೇ ಸಾಲೂ ಬರೀಬೇಕಾ?”

ಮಾಲೀಕ ತನ್ನ ಫೋನಿನಿಂದ ಕಣ್ಣೆತ್ತಲಿಲ್ಲ. “ಮೆಸೇಜಲ್ಲಿದೆಯಾ?”

“ಇದೆ.”

“ಮತ್ತೆ ಕೇಳ್ತೀರಲ್ಲಕ್ಕ! ಬರೀರಿ.”

ಬರೆದಳು. ಇಷ್ಟು ವರ್ಷದಲ್ಲಿ ಅಷ್ಟು ಮುದ್ದಾಗಿ ಬರೆದಿರಲಿಲ್ಲ. ಸುತ್ತ ಸಕ್ಕರೆಯ ಗುಲಾಬಿಗಳನ್ನೂ ಕೂರಿಸಿದಳು. ಆಮೇಲೆ ಹಿಟ್ಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಬಂದಾಗ ಮುಖವೆಲ್ಲ ಹಿಟ್ಟು, ಕಣ್ಣ ಕೆಳಗಿನ ಎರಡು ಗೆರೆ ಬಿಟ್ಟು.

ಮರುದಿನ ಕೇಕಿನ ಸುತ್ತ ಐವತ್ತು ಜನ ನಿಂತರು. ಐವತ್ತು ಜನರೂ ಫೋನಿನಲ್ಲಿ ತಮ್ಮ ತಮ್ಮ ಮುಖ ನೋಡಿಕೊಳ್ಳುತ್ತಿದ್ದರೇ ಹೊರತು ಕೇಕಿನತ್ತ ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಆ ಸಾಲನ್ನು ಓದಿದವರು ಮನೆಮನೆಯಲ್ಲಿ ಕೂತು ವಿಡಿಯೋ ನೋಡುತ್ತಿದ್ದ ಅರವತ್ತು ಸಾವಿರ ಜನ. ಸಂಜೆಯೊಳಗೆ ಅದು ಆರು ಲಕ್ಷವಾಯಿತು. ಮೊದಲ ಗಂಟೆ ತಂಗಿ ತಲೆ ಚಚ್ಚಿಕೊಂಡಳು. ಎರಡನೇ ಗಂಟೆ ಆ ಲೆಕ್ಕ ನೋಡಿದಳು. ಮೂರನೇ ಗಂಟೆ ತುಟಿಗೆ ಬಣ್ಣ ಹಚ್ಚಿಕೊಂಡಳು.

ಆ ಸಾಲು ಊರಿಗೆಲ್ಲ ತಮಾಷೆಯಾಯಿತು. “ಅದೇ ಬರೆದುಕೊಡಿ” ಎಂದು ಗಿರಾಕಿಗಳು ಸಾಲುಗಟ್ಟಿದರು. ಒಬ್ಬ ತನ್ನ ನಾಯಿಯ ಹುಟ್ಟುಹಬ್ಬಕ್ಕೂ ಬರೆಸಿದ. ದಿನಕ್ಕೆ ನಲವತ್ತು ಸಲ ಅಕ್ಕ ತನ್ನ ಕೈಯಾರೆ ತನ್ನನ್ನೇ ಕರೆಯಬೇಡವೆಂದು ಬರೆದಳು, ಗುಲಾಬಿ ಸಮೇತ.

“ಯಾರಂತಮ್ಮಾ ಆ ದೊಡ್ಡಮ್ಮ?” ಎಂದು ಗಿರಾಕಿಯೊಬ್ಬಳು ಕೇಳಿದಳು.

“ಯಾರೋ. ಚೆನ್ನಾಗಿ ಕಾಣಲ್ವಂತೆ” ಎಂದಳು ಅಕ್ಕ.

ಎಂಟನೆಯ ದಿನ ಮಧ್ಯಾಹ್ನ ತಂಗಿ ಅಂಗಡಿಗೇ ಬಂದಳು. ಹಿಂದೆ ಕೋಲಿಗೆ ಸಿಕ್ಕಿಸಿದ ದೀಪ ಹಿಡಿದು ಗುಂಡುಸೂಜಿ. ಅಕ್ಕನ ಕೈಯಲ್ಲಿದ್ದ ಕೊಳವೆ ಜಾರಿ ಬಿತ್ತು.

“ದೊಡ್ಡಮ್ಮ, ಸ್ವಲ್ಪ ಎಡಕ್ಕೆ” ಎಂದಳು ಹುಡುಗಿ. ಒಂದೂವರೆ ವರ್ಷದ ಮೇಲೆ ದೊಡ್ಡಮ್ಮನೊಂದಿಗೆ ಅವಳಾಡಿದ ಮೊದಲ ಮಾತು ಅದು.

“ಅಕ್ಕಾ, ಜನ ಬಾಯಿಗೆ ಬಂದಂಗೆ ನನ್ನ ಬೈತಿದಾರೆ” ಎಂದಳು ತಂಗಿ, ಕೂದಲು ಸರಿಮಾಡಿಕೊಳ್ಳುತ್ತಾ. “ನನ್ನ ತಬ್ಕೊಂಡು, ‘ಕ್ಷಮಿಸಿದೀನಿ ಕಣೇ’ ಅಂದ್ಬಿಡು. ಎರಡು ಹನಿ ಕಣ್ಣೀರು ಬಂದ್ರೆ ಸಾಕು, ಜಾಸ್ತಿ ಬೇಡ.”

ಅಕ್ಕ ಅವಳನ್ನು ದಾಟಿ ಗುಂಡುಸೂಜಿಯನ್ನು ನೋಡಿದಳು. ಹುಡುಗಿ ದೀಪವನ್ನು ನೋಡುತ್ತಿದ್ದಳು.

“ಮದುವೆಗೆ ಕರೀತೀರಾ ನನ್ನ?”

ತಾಯಿ ಮಗಳು ಮುಖ ಮುಖ ನೋಡಿಕೊಂಡರು. “ಅದೂ…” ಎಂದಳು ತಂಗಿ, “ಈ ವಿಡಿಯೋ ಹೇಗೆ ಓಡುತ್ತೆ ನೋಡ್ಕೊಂಡು ಹೇಳ್ತೀನಕ್ಕ.”

ಅಕ್ಕ ಕೈಯನ್ನು ನಿಧಾನವಾಗಿ ಒರೆಸಿಕೊಂಡಳು. ತಂಗಿಯ ಕೈಯಿಂದ ಫೋನು ತೆಗೆದು, ಅವಳ ಮುಖಕ್ಕೇ ತಿರುಗಿಸಿ ಹಿಡಿದಳು.

“ಹಾಗಾದ್ರೆ ಮೊದಲು ನೀನು ಅಳೇ. ನಿನ್ನ ಅಳು ಹೇಗೆ ಬರುತ್ತೆ ನೋಡ್ಕೊಂಡು, ನೀನು ನನ್ನ ತಂಗಿ ಹೌದೋ ಅಲ್ವೋ ಹೇಳ್ತೀನಿ.”