ಹಾಲಿನ ಅಂಟಿನ ರೆಕ್ಕೆ

ಸೋದರಮಾವನ ಉಗುರಿನ ಸಂದಿಯಲ್ಲಿ ಯಾವಾಗಲೂ ಬೆಳ್ಳಗೆ ಅಂಟು ಒಣಗಿ ಕೂತಿರುತ್ತಿತ್ತು. ಹಾಲಿನಿಂದ ಮಾಡಿದ ಅಂಟು. ಅವನು ಊಟಕ್ಕೆ ಕೂತರೆ ಅಜ್ಜಿ, ಅಂದರೆ ಅವನ ಅವ್ವ, 'ಮೊದ್ಲು ಕೈ ತೊಳಿಯೋ' ಎಂದು ಬೈಯುತ್ತಿದ್ದಳು. ಮಂಡಿಪೇಟೆಯ ನಮ್ಮ ಹತ್ತಿ ಗೋದಾಮಿನ ಅರ್ಧ ಜಾಗದಲ್ಲಿ ಅವನು ಮರದ ಗ್ಲೈಡರ್ ಕಟ್ಟುತ್ತಿದ್ದ. ಎಂಜಿನ್ನಿಲ್ಲದ ವಿಮಾನ, ಪಂದ್ಯಕ್ಕೆಂದೇ. ನಾನಾಗ ಕಾಲೇಜು ಮುಗಿಸಿ, ಗಂಡು ಗೊತ್ತಾಗಲಿ ಎಂದು ಅಜ್ಜಿಮನೆಯಲ್ಲಿ ಕೂತವಳು.

ಮೊದಲ ಮಹಾಯುದ್ಧ ಸೋತ ಜರ್ಮನಿಗೆ ವಿಮಾನ ಕಟ್ಟಲು ನಿರ್ಬಂಧ ಬಿದ್ದಾಗ, ಅಲ್ಲಿನ ಹುಡುಗರು ಗುಡ್ಡದ ಮೇಲಿಂದ ಇಂಥವನ್ನು ಹಾರಿಸಿ ಪಂದ್ಯ ಕಟ್ಟಿದ ಕಥೆಯನ್ನು ಮಾವ ದಿನಾ ಹೇಳುತ್ತಿದ್ದ. 'ರೆಕ್ಕೆ ಉದ್ದ ಆದಷ್ಟೂ, ಸಪೂರ ಆದಷ್ಟೂ ದೂರ ತೇಲ್ತೈತೆ. ಆದ್ರೆ ಅಂಟೇ ಅದರ ಪ್ರಾಣ' ಎನ್ನುತ್ತಿದ್ದ. ಅಂಟಿಸಿದ ಒಂದೊಂದು ಜೋಡಣೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಹಾಗೇ ನನ್ನ ತಲೆಯನ್ನೂ ತಟ್ಟಿ, 'ಒಳಗ ಟೊಳ್ಳು ಐತೆ' ಎಂದು ನಗುತ್ತಿದ್ದ. ನೀರು ತಾಗಿದರೆ ಆ ಅಂಟು ಕೊಳೆಯುತ್ತದೆ. ಅದಕ್ಕೇ ಒಳಗಿನ ತೇವ ಸೋರಿಹೋಗಲೆಂದು ರೆಕ್ಕೆಯ ಅಡಿಗೆ ಸಣ್ಣ ತೂತುಗಳನ್ನು ಬಿಟ್ಟಿದ್ದ.

ಆಯುಧಪೂಜೆಯ ದಿನ ಮಾವ ಹಾರಿಸುವ ಬಯಲು ನೋಡಲು ಹರಿಹರಕ್ಕೆ ಹೋಗಿದ್ದ. ಅಜ್ಜಿ ತಕ್ಕಡಿ, ಗಾಡಿ ತೊಳೆದಂತೆ ಮಗನ ವಿಮಾನಕ್ಕೂ ಕೊಡಗಟ್ಟಲೆ ನೀರು ಹೊಯ್ದು, ಒರೆಸಿ, ವಿಭೂತಿ ಪಟ್ಟೆ ಎಳೆದಳು. ಅಡಿಯ ತೂತುಗಳನ್ನು ಕಂಡು, 'ಇರುವಿ ಹೊಕ್ಕಾವು' ಎಂದು ಒಂದೊಂದಕ್ಕೂ ಮೇಣ ಮೆತ್ತಿದಳು. ಸಂಜೆ ಬಂದ ಮಾವ ವಿಭೂತಿ ನೋಡಿ ಕೈಮುಗಿದ. ಬಗ್ಗಿ ಅಡಿಗೆ ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಹರಿಹರದ ಬಯಲಿನಲ್ಲಿ, ಮಾವನ ಜೊತೆ ಹಾರಾಟ ಕಲಿತ ಗೆಳೆಯ ಅದನ್ನು ಹಾರಿಸಿದ. ಜೀಪು ಎಳೆದು ಮೇಲೇರಿಸಿದ ಹಗ್ಗ ಕಳಚಿ ಗ್ಲೈಡರ್ ಹೊಳೆಯ ಕಡೆ ತಿರುಗುವಾಗ ಎಡರೆಕ್ಕೆ ಬುಡದಲ್ಲೇ ಕಿತ್ತುಬಂತು. ಗೆಳೆಯ ಉಳಿಯಲಿಲ್ಲ.

ಮುರಿದ ರೆಕ್ಕೆಯನ್ನು ಮಾವ ಗೋದಾಮಿನಲ್ಲಿ ಸೀಳಿದಾಗ ಕೊಳೆತ ಹಾಲಿನ ನಾತ ಹೊಡೆಯಿತು. ತೂತಿನ ಮೇಣವನ್ನು ಉಗುರಿನಿಂದ ಕೆರೆದು, ಯಾರು ಮೆತ್ತಿದ್ದೆಂದು ಕೇಳಿದ. ನಾನು ಹೇಳಿದೆ. ಅವನು ಕೆರೆದ ಮೇಣವನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ.

'ಅವ್ವಗೆ ಇದು ಗೊತ್ತಾಗಬಾರ್ದು. ನಾನು ಬಗ್ಗಿ ನೋಡಬೇಕಿತ್ತು, ನೋಡ್ಲಿಲ್ಲ. ನಂದೇ ತಪ್ಪು.'

ತಾನು ಕಲಸಿದ ಅಂಟೇ ಕೆಟ್ಟಿತ್ತೆಂದು ಊರಿಗೆಲ್ಲ ಅವನೇ ಹೇಳಿದ. ಪೇಟೆಯವರು ಆಡಿಕೊಂಡರು, ಗೆಳೆಯನ ಮನೆಯವರು ಬಾಗಿಲು ಹಾಕಿಕೊಂಡರು. ಅಜ್ಜಿಯ ಮಾತು ಮಾತ್ರ ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. 'ಯಾರದೋ ಹೊಟ್ಟಿಗೆ ಬೆಂಕಿ ಹಾಕಿದ್ಯಲ್ಲೋ, ಅಂಟು ಹೆಂಗೈತೆ ಅಂತ ನೋಡಬಾರ್ದಿತ್ತೇನೋ?' ಎಂದು ಅನ್ನ ಬಡಿಸುತ್ತಲೇ ಕೇಳುತ್ತಿದ್ದಳು. 'ಹೂನವ್ವ' ಎಂದು ಅವನು ಉಣ್ಣುತ್ತಿದ್ದ. ಉಗುರುಗಳು ಸ್ವಚ್ಛವಾಗಿರುತ್ತಿದ್ದವು. ಆಮೇಲೆ ಅವನು ಯಾವ ಮರವನ್ನೂ ತಟ್ಟಿ ನೋಡಲಿಲ್ಲ, ನನ್ನ ತಲೆಯನ್ನೂ.

ಕೆಲವೇ ವರ್ಷಗಳಲ್ಲಿ, ಎದೆಬೇನೆ ಬಂದು ಮಾವ ಅಜ್ಜಿಗಿಂತ ಮೊದಲೇ ಹೋದ. ಹೆಣದ ಮುಂದೆ ಅಜ್ಜಿ ನನ್ನ ಕೈ ಹಿಡಿದು, 'ಆ ಹುಡುಗನ ಹಡದಾಕಿ ಶಾಪ ತಟ್ಟಿತವ್ವ ನನ್ನ ಮಗಗೆ. ಇವ ಮಾಡಿದ್ದು ಇವನಿಗೇ ಬಂತು' ಎಂದಳು.

ಮಾವ ಅಷ್ಟು ವರ್ಷ ಹೊತ್ತದ್ದನ್ನು ಅಲ್ಲಿ ಇಳಿಸಿಬಿಡಬೇಕು ಎನಿಸಿತು. ಅವನ ಹಣೆಯ ಮೇಲೆ ಅಜ್ಜಿ ಆಗಷ್ಟೇ ಎಳೆದ ವಿಭೂತಿ ಇನ್ನೂ ಹಸಿಯಾಗಿತ್ತು.

'ಹೂನಜ್ಜಿ' ಎಂದೆ.